ಹೊಸ ಲವ್‌ಬರ್ಡ್ ಕೈ ಕಂಡರೆ ಒದ್ದಾಡುತ್ತಿದೆ, ಏನು ಮಾಡೋದು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಪರಿಚಯದವರು ಊರಿಗೆ ಹೋಗುವಾಗ ತಮ್ಮ ಲವ್‌ಬರ್ಡ್ ನಮಗೆ ಕೊಟ್ಟು ಹೋದರು. ಎಂಟು ದಿನ ಆಯ್ತು. ಪಂಜರದೊಳಗೆ ಕೈ ಹಾಕಿದರೆ ಮೂಲೆ ಸೇರಿ ರೆಕ್ಕೆ ಬಡಿಯುತ್ತದೆ. ಮಗಳ ಬೆರಳು ಕಚ್ಚಿದೆ. ಇದು ಪಳಗುತ್ತದಾ?

ಪಳಗುತ್ತದೆ. ಆದರೆ ಎಂಟು ದಿನ ಏನೇನೂ ಸಾಲದು.

ಮೊದಲು ಹಕ್ಕಿ ಯಾವುದು ಅಂತ ನೋಡಿಕೊಳ್ಳಿ. ಮುಂಬೈ ಕಡೆ ಅಂಗಡಿಗಳಲ್ಲಿ ಬಜ್ಜಿ (budgie) ಅನ್ನುವ ಪುಟ್ಟ ಗಿಳಿಯನ್ನೂ ಲವ್‌ಬರ್ಡ್ ಅಂತಲೇ ಮಾರುತ್ತಾರೆ. ಉದ್ದ ಬಾಲ, ರೆಕ್ಕೆ ಮೇಲೆ ಪಟ್ಟೆ ಇದ್ದರೆ ಅದು ಆಸ್ಟ್ರೇಲಿಯಾ ಮೂಲದ ಬಜ್ಜಿ. ಮೋಟು ಬಾಲ, ಗುಂಡು ಮೈ, ದಪ್ಪ ಕೊಕ್ಕು ಇದ್ದರೆ ಆಫ್ರಿಕಾ ಮೂಲದ ನಿಜವಾದ ಲವ್‌ಬರ್ಡ್. ಪಳಗಿಸುವ ದಾರಿ ಎರಡಕ್ಕೂ ಒಂದೇ. ಆದರೆ ಲವ್‌ಬರ್ಡ್ ಕಚ್ಚಿದರೆ ಜಾಸ್ತಿ ನೋವು.

ಹಕ್ಕಿಯ ತೂಕ ಸುಮಾರು 50 ಗ್ರಾಂ. ಮೇಲಿನಿಂದ ಇಳಿದು ಬರುವ ಕೈ ಅದರ ಕಣ್ಣಿಗೆ ಗಿಡುಗ. ನಾನೂ ಎರಡನೇ ದಿನವೇ ಕೈ ಹಾಕಿದವಳು. ಹೆಬ್ಬೆರಳಿಗೆ ಕಚ್ಚಿತು. ಅಯ್ಯೋ ಅಂತ ಕೂಗಿ ಕೈ ಕಿತ್ತುಕೊಂಡೆ. ಕಚ್ಚಿದರೆ ಕೈ ಹೋಗುತ್ತದೆ ಅನ್ನುವ ಪಾಠ ಅದಕ್ಕೆ ಒಂದೇ ಸಲಕ್ಕೆ ಬಾಯಿಪಾಠವಾಯಿತು. ಮರೆಸಲು ನನಗೆ ಎರಡು ತಿಂಗಳು ಬೇಕಾಯಿತು!

ಹಾಗಾಗಿ ಒಂದು ವಾರ ಕೈ ದೂರ ಇಡಿ. ನೀರು, ಕಾಳು ಬದಲಿಸಲು ಮಾತ್ರ ನಿಧಾನಕ್ಕೆ ಹಾಕಿ. ಪಂಜರ ಹಾಲ್‌ನಲ್ಲಿ, ಎದೆಮಟ್ಟದಲ್ಲಿ, ಒಂದು ಬದಿ ಗೋಡೆಗೆ ತಾಗಿರಲಿ. ಗ್ರಿಲ್‌ನಲ್ಲಿ ನೇತುಹಾಕಬೇಡಿ, ಕಾಗೆ ಬಿಡುವುದಿಲ್ಲ. ಅಡುಗೆಮನೆಯಿಂದ ದೂರ ಇಡಿ ಅಂದರೆ ಒಂದು ರೂಮಿನ ಮನೆಯವರು ನಗುತ್ತಾರೆ. ಆದರೂ ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಅದರ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ದೋಸೆಗೆ ಕಬ್ಬಿಣದ ಕಾವಲಿಯೇ ಇರಲಿ.

ಆ ವಾರ ಪಕ್ಕದಲ್ಲಿ ಸುಮ್ನೆ ಕೂತು ಪೇಪರ್ ಓದಿ, ಸೊಪ್ಪು ಸೋಸಿ, ಮಾತಾಡಿ. ಆಮೇಲೆ ನವಣೆ ತೆನೆ ತನ್ನಿ. ಇಲ್ಲಿ ಕಂಗನಿ ಅನ್ನುತ್ತಾರಲ್ಲ, ಅದೇ. ಸರಳುಗಳ ಸಂದಿಯಲ್ಲಿ ತೆನೆ ಹಿಡಿದು ಅಲ್ಲಾಡದೆ ಕೂರಿ. ಮೊದಲು ಅದು ಕತ್ತು ಮಾತ್ರ ಚಾಚುತ್ತದೆ. ಕಾಲು ಕೋಲಿನ ಮೇಲೇ ಇರುತ್ತದೆ. ಒಂದು ಕಾಳು ಕಿತ್ತು ಹಿಂದೆ ಸರಿದು, ಸಿಪ್ಪೆ ಉದುರಿಸಿ, ಮತ್ತೆ ಬರುತ್ತದೆ. ದಿನ ಕಳೆದಂತೆ ತೆನೆಯನ್ನು ಗಿಡ್ಡ ಹಿಡಿಯುತ್ತಾ ಹೋಗಿ. ಆಮೇಲೆ ಬಾಗಿಲು ತೆರೆದು ಅಂಗೈಯಲ್ಲಿ ಕಾಳು. ಹೆದರದೆ ತಿನ್ನತೊಡಗಿದ ಮೇಲೆ ಕಾಲಿನ ಮೇಲ್ಭಾಗಕ್ಕೆ, ಹೊಟ್ಟೆಗೆ ಬೆರಳು ತಾಗಿಸಿ “ಬಾ” ಅನ್ನಿ. ಹತ್ತಿದರೆ ಒಂದು ಕಾಳು. ಹತ್ತದಿದ್ದರೆ ನಾಳೆ. ಕೆಲವಕ್ಕೆ ವಾರಗಳು ಸಾಕು, ಕೆಲವು ತಿಂಗಳುಗಟ್ಟಲೆ ಕಾಯಿಸುತ್ತವೆ.

ಪುಕ್ಕ ಮೈಗೆ ಅಂಟಿ ಸಣಕಲಾಗಿ ಕಂಡರೆ, ಬಾಯಿ ತೆರೆದು ಹಿಂದಕ್ಕೆ ವಾಲಿದರೆ ಅವತ್ತಿಗೆ ಬಿಡಿ. ಒಂದು ಕಾಲೆತ್ತಿ ಕೂತು ಕೊಕ್ಕು ಕರಕರ ಮಸೆದರೆ ಆರಾಮಾಗಿದೆ ಅಂತ. ಕಚ್ಚಿದರೆ ಕೂಗಬೇಡಿ, ಕೈ ಕೀಳಬೇಡಿ. ಹೇಳುವುದು ಸುಲಭ, ಗೊತ್ತು!

ಹೊರಗೆ ಬಿಡುವ ಮೊದಲು ಫ್ಯಾನ್ ಆಫ್, ಕಿಟಕಿ ಬಂದ್, ಕನ್ನಡಿಗೆ ಬೆಡ್‌ಶೀಟ್. ಕಾಗದ ಸೀಳಿ ಸೊಂಟದ ಪುಕ್ಕಕ್ಕೆ ಸಿಕ್ಕಿಸಿಕೊಂಡರೆ ಬಹುಶಃ ಹೆಣ್ಣು, ಗೂಡು ಕಟ್ಟುವ ಮನಸ್ಸಿದೆ. ಆಗ ಪಂಜರ ಅವಳ ಮನೆ. ಒಳಗೆ ಕೈ ಹಾಕದೆ ಹೊರಗೇ ಕಲಿಸಿ.

ಜೋಡಿ ಇಲ್ಲದಿದ್ದರೆ ಕೊರಗಿ ಸಾಯುತ್ತದೆ ಅನ್ನುವುದು ಬರೀ ಕಥೆ. ಆದರೆ ಒಂಟಿ ಹಕ್ಕಿಗೆ ದಿನಾ ನಿಮ್ಮ ಜೊತೆ ಬೇಕು. ಬೆಳಿಗ್ಗೆ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಬರುವ ಮನೆಯಾದರೆ ಜೋಡಿ ತರುವುದೇ ಸರಿ. ಅವು ನಿಮಗಿಂತ ಪರಸ್ಪರ ಜಾಸ್ತಿ ಹಚ್ಚಿಕೊಳ್ಳುತ್ತವೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ದಿನವಿಡೀ ಪುಕ್ಕ ಉಬ್ಬಿಸಿ ತೂಕಡಿಸುತ್ತಾ, ಉಸಿರಿನ ಜೊತೆ ಬಾಲ ಆಡಿಸುತ್ತಾ ಕೂತಿದ್ದರೆ ಅದು ಹೆದರಿಕೆ ಅಲ್ಲ, ಕಾಯಿಲೆ. ಅವತ್ತೇ ಹಕ್ಕಿ ನೋಡುವ ಡಾಕ್ಟರ ಹತ್ತಿರ ಒಯ್ಯಿರಿ.