ನಮ್ಮದೇ ಪಾರ್ಕಿಂಗ್ ಜಾಗದಲ್ಲಿ ಖಾಸಗಿ ಕಂಪನಿ ಟಿಕೆಟ್ ಅಂಟಿಸಿದರೆ ಕಟ್ಟಬೇಕೆ?

ಪ್ರಶ್ನೆ: ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಬಾಡಿಗೆ ಕರಾರಿನಲ್ಲೇ ‘ಪಾರ್ಕಿಂಗ್ ಜಾಗ ನಂ. 14 ಸೇರಿದಂತೆ’ ಎಂದು ಬರೆದಿದೆ. ಮೊನ್ನೆ ಪರ್ಮಿಟ್ ಚೀಟಿ ಗಾಜಿನಿಂದ ಕಳಚಿ ಸೀಟಿನ ಕೆಳಗೆ ಬಿದ್ದಿತ್ತು. ಬೆಳಿಗ್ಗೆ ನೋಡಿದರೆ ವೈಪರ್ ಕೆಳಗೆ ಖಾಸಗಿ ಕಂಪನಿಯ 100 ಪೌಂಡ್ ಟಿಕೆಟ್. 14 ದಿನದೊಳಗೆ ಕಟ್ಟಿದರೆ 60 ಅಂತೆ. ಒಬ್ಬ ಸ್ನೇಹಿತರು ‘ಹರಿದು ಬಿಸಾಡಿ’ ಅನ್ನುತ್ತಾರೆ, ಇನ್ನೊಬ್ಬರು ‘60 ಕೊಟ್ಟು ಕೈತೊಳೆದುಕೊಳ್ಳಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಹರಿದು ಬಿಸಾಡಿದರೆ ಗೆಲ್ಲಬಹುದಾದ ಕೇಸನ್ನು ನೀವೇ ಸೋತಂತೆ. 60 ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯಿತು. ಆಮೇಲೆ ಆ ಹಣ ವಾಪಸ್ ಬರುವುದು ಬಹಳ ಕಷ್ಟ, ಮುಂದಿನ ತಿಂಗಳು ಚೀಟಿ ಮತ್ತೆ ಬಿದ್ದರೆ ಮತ್ತೊಂದು ಟಿಕೆಟ್.

ಮೊದಲು ಕಾಗದದ ತಲೆಬರಹ ಓದಿ. ‘ಪೆನಾಲ್ಟಿ ಚಾರ್ಜ್ ನೋಟಿಸ್’ ಎಂದಿದ್ದರೆ ಅದು ಕೌನ್ಸಿಲ್ ಹಾಕಿದ ದಂಡ, ಅದರ ದಾರಿಯೇ ಬೇರೆ. ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಎಂದಿದ್ದರೆ ಖಾಸಗಿ. ಎರಡನ್ನೂ ಪಿಸಿಎನ್ ಎಂದೇ ಕರೆಯುವುದರಿಂದ ಜನ ಗಾಬರಿ ಬೀಳುತ್ತಾರೆ. ಎರಡನೆಯದು ಕಾನೂನಿನ ಕಣ್ಣಲ್ಲಿ ದಂಡವೇ ಅಲ್ಲ, ಒಂದು ಬಿಲ್ಲು. ‘ನೀವು ನಮ್ಮ ಬೋರ್ಡು ಓದಿ ಅದರ ಷರತ್ತಿಗೆ ಒಪ್ಪಿ ಗಾಡಿ ನಿಲ್ಲಿಸಿದಿರಿ, ಷರತ್ತು ಮುರಿದಿರಿ, ಆದ್ದರಿಂದ ಇಷ್ಟು ಕೊಡಬೇಕು’ ಎಂಬುದಷ್ಟೇ ಕಂಪನಿಯ ವಾದ.

ಈ ವಾದ ನಿಲ್ಲಬೇಕಾದರೆ ಕಂಪನಿ ನಿಮಗೆ ಏನನ್ನಾದರೂ ಕೊಟ್ಟಿರಬೇಕು. ಅಂಗಡಿಯ ಪಾರ್ಕಿಂಗ್‌ನಲ್ಲಿ ಅದು ಕೊಡುವುದು ಗಾಡಿ ನಿಲ್ಲಿಸುವ ಅನುಮತಿ. ನಂ. 14ರಲ್ಲಿ ಆ ಹಕ್ಕು ಬಾಡಿಗೆ ಕರಾರಿನಿಂದ ನಿಮಗೆ ಆಗಲೇ ಬಂದಿದೆ. ನಿಮ್ಮ ಬಳಿ ಇರುವುದನ್ನೇ ನಿಮಗೆ ಕೊಟ್ಟೆವೆಂದು ಹೇಳಿ ಯಾರೂ ಬೆಲೆ ಕೇಳುವಂತಿಲ್ಲ. ಮೊದಲೇ ಇರುವ ಕರಾರನ್ನು ಆಮೇಲೆ ಬಂದ ಬೋರ್ಡು ಮುರಿಯಲಾಗದು ಎಂಬ ಈ ವಾದವೇ ನಿಮ್ಮ ಬೆನ್ನೆಲುಬು. ಪರ್ಮಿಟ್ ಚೀಟಿ ಬಿದ್ದಿದ್ದು ಹೇಗೆ, ಅಂಟು ಯಾಕೆ ಬಿಟ್ಟಿತು ಎಂದು ಕ್ಷಮೆ ಕೇಳುವ ಧಾಟಿಯಲ್ಲಿ ಪುಟಗಟ್ಟಲೆ ಬರೆಯುವವರು ಈ ಮುಖ್ಯ ಮಾತನ್ನೇ ಬಿಟ್ಟುಬಿಡುತ್ತಾರೆ. ಹಕ್ಕು ಚೀಟಿಯಿಂದ ಬಂದದ್ದಾಗಿದ್ದರೆ ಚೀಟಿ ಬಿದ್ದದ್ದು ತಪ್ಪಾಗುತ್ತಿತ್ತು. ಅದು ಬಂದಿರುವುದು ಕರಾರಿನಿಂದ.

ಕಂಪನಿ ಉತ್ತರದಲ್ಲಿ ಪಾರ್ಕಿಂಗ್‌ಐ ಎಂಬ ಪಾರ್ಕಿಂಗ್ ಕಂಪನಿಗೂ ಬೀವಿಸ್ ಎಂಬ ಚಾಲಕನಿಗೂ ನಡೆದ ಕೇಸಿನ (ಪಾರ್ಕಿಂಗ್‌ಐ ವಿರುದ್ಧ ಬೀವಿಸ್) ತೀರ್ಪನ್ನು ಖಂಡಿತ ಎತ್ತುತ್ತದೆ. 2015ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಆ ಕೇಸಿನಲ್ಲಿ 85 ಪೌಂಡ್ ಚಾರ್ಜನ್ನು ಎತ್ತಿಹಿಡಿದದ್ದು ನಿಜ. ಆದರೆ ಅದು ಚೆಲ್ಮ್ಸ್‌ಫರ್ಡ್‌ನ ಅಂಗಡಿ ಸಂಕೀರ್ಣ. 2 ಗಂಟೆ ಉಚಿತ, ಅದಕ್ಕಿಂತ ಹೆಚ್ಚು ನಿಂತರೆ ಬೇರೆ ಗಿರಾಕಿಗಳಿಗೆ ಜಾಗ ಸಿಗದು. ಅಲ್ಲಿ ಚಾಲಕನಿಗೆ ಬೋರ್ಡು ಕೊಟ್ಟ ಅನುಮತಿ ಬಿಟ್ಟರೆ ಬೇರೆ ಹಕ್ಕಿರಲಿಲ್ಲ. ನಂ. 14ರಲ್ಲಿ ನೀವು ಗಾಡಿ ತೆಗೆದರೂ ಬೇರೆ ಯಾರಿಗೂ ಅದು ಸಿಗುವುದಿಲ್ಲ. ವಸತಿ ಜಾಗಕ್ಕೆ ಹತ್ತಿರದ ತೀರ್ಪು 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟು ಮೇಲ್ಮನವಿಯಲ್ಲಿ ಕೊಟ್ಟ ಜಾಪ್ಸನ್ ವಿರುದ್ಧ ಹೋಮ್‌ಗಾರ್ಡ್. ಫ್ಲ್ಯಾಟಿನ ನಿವಾಸಿಯೊಬ್ಬರು ಮೇಜು ಇಳಿಸಲು ಬಾಗಿಲ ಬಳಿ ಸ್ವಲ್ಪ ಹೊತ್ತು ಕಾರು ನಿಲ್ಲಿಸಿದ್ದರು. ಲೀಸಿನಿಂದ ಬಂದ ಹಕ್ಕನ್ನು ಬೋರ್ಡು ಹಾಕಿ ಕಿತ್ತುಕೊಳ್ಳಲಾಗದು, ಬೀವಿಸ್ ತೀರ್ಪು ಇಂಥ ಕಡೆ ಅನ್ವಯಿಸುವುದಿಲ್ಲ ಎಂದು ನ್ಯಾಯಾಧೀಶರು ಹೇಳಿದರು. ಕೌಂಟಿ ಕೋರ್ಟಿನ ತೀರ್ಪು ಬೇರೆ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ತೂಕ ಮಾತ್ರ ಇದೆ. ಬೇರೆ ಬೇರೆ ಕೋರ್ಟುಗಳಲ್ಲಿ ಬೇರೆ ಬೇರೆ ತೀರ್ಪು ಬಂದಿರುವುದೂ ಉಂಟು, ಹೆಚ್ಚಾಗಿ ಲೀಸಿನ ಪದಗಳಿಂದಾಗಿ.

ಹಾಗಾಗಿ ಲೀಸ್ ತರಿಸಿಕೊಳ್ಳಿ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ಊರಲ್ಲಿ ‘ಮನೆ ಲೀಸಿಗೆ ಹಾಕಿಕೊಂಡೆ’ ಅಂದರೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಅಂದರೆ ಭೋಗ್ಯ. ಇಂಗ್ಲೆಂಡಿನಲ್ಲಿ ಲೀಸ್ ಅಂದರೆ ಫ್ಲ್ಯಾಟಿನ ಮಾಲೀಕರು 99, 125 ಅಥವಾ 999 ವರ್ಷಕ್ಕೆ ಜಮೀನಿನ ಒಡೆಯರಿಂದ ಪಡೆದ ಮೂಲಪತ್ರ. ನಿಮ್ಮ ಬಾಡಿಗೆ ಕರಾರು ಅದರ ಕೆಳಗೆ ಬರುತ್ತದೆ. ಮನೆ ಮಾಲೀಕರಿಗೆ ಎಷ್ಟು ಹಕ್ಕಿದೆಯೋ ಅಷ್ಟನ್ನೇ ಅವರು ನಿಮಗೆ ಕೊಡಬಲ್ಲರು. ಆದ್ದರಿಂದ ಎರಡೂ ಬೇಕು. ಮಾಲೀಕರನ್ನು ಕೇಳಿ. ಅವರು ಎಳೆದಾಡಿದರೆ ಸರ್ಕಾರದ ಭೂ ದಾಖಲೆ ಕಚೇರಿಯಾದ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯಿಂದ ಟೈಟಲ್ ರಿಜಿಸ್ಟರ್ (ಒಡೆತನದ ದಾಖಲೆ) ಮತ್ತು ಟೈಟಲ್ ಪ್ಲಾನ್ (ಗಡಿ ತೋರಿಸುವ ನಕ್ಷೆ) ಆನ್‌ಲೈನಿನಲ್ಲಿ ತೆಗೆಸಬಹುದು, ಒಂದೊಂದಕ್ಕೆ 7 ಪೌಂಡ್. ಪ್ಲಾನಿನಲ್ಲಿ ಪಾರ್ಕಿಂಗ್ ಜಾಗವೂ ಕೆಂಪು ಗೆರೆಯೊಳಗಿದ್ದರೆ ಆ ನೆಲವೇ ಲೀಸಿನ ಭಾಗ. ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ಲೀಸಿನಲ್ಲಿ ಮೂರು ಬಗೆಯ ಮಾತು ಕಾಣಬಹುದು. ಜಾಗವೇ ಫ್ಲ್ಯಾಟಿನೊಂದಿಗೆ ಕೊಡಲ್ಪಟ್ಟಿದೆ ಎಂದಿದ್ದರೆ ನಿಶ್ಚಿಂತೆ. ನಂಬರಿನ ಜಾಗದಲ್ಲಿ ಒಂದು ವಾಹನ ನಿಲ್ಲಿಸುವ ಹಕ್ಕಿದೆ ಎಂದಿದ್ದರೂ ಒಳ್ಳೆಯದೇ. ಮೂರನೆಯದು ಸ್ವಲ್ಪ ತೊಡಕಿನದು: ‘ಒಡೆಯರು ಕಾಲಕಾಲಕ್ಕೆ ಮಾಡುವ ನಿಯಮಗಳಿಗೆ ಒಳಪಟ್ಟು’ ಎಂಬ ಬಾಲ. ಕಂಪನಿಯ ವಕೀಲರು ಹುಡುಕುವುದು ಈ ಬಾಲವನ್ನೇ. ಅದಕ್ಕೂ ಉತ್ತರವಿದೆ. ಆ ನಿಯಮವನ್ನು ಯಾರು, ಯಾವಾಗ, ಯಾವ ಕಾಗದದಲ್ಲಿ ಮಾಡಿದರು? ಚೀಟಿ ಅಂಟಿಸಬೇಕೆಂಬ ನಿಯಮ ಇದ್ದರೂ, ಅಂಟಿಸದಿದ್ದರೆ ಮೂರನೆಯವರಿಗೆ 100 ಪೌಂಡ್ ಕೊಡಬೇಕೆಂದು ಅದರಲ್ಲಿ ಇದೆಯೇ? ಲೀಸನ್ನು ನಿವಾಸಿಗಳ ಬಹುಮತದಿಂದ ಬದಲಾಯಿಸುವ ದಾರಿಯೂ ಉಂಟು. 1987ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ 9 ಅಥವಾ ಹೆಚ್ಚು ಲೀಸುಗಳಿರುವ ಕಡೆ ಕನಿಷ್ಠ 75 ಶೇಕಡ ಒಪ್ಪಬೇಕು, 10 ಶೇಕಡಕ್ಕಿಂತ ಹೆಚ್ಚು ವಿರೋಧ ಇರಬಾರದು, ಆಮೇಲೆ ಟ್ರಿಬ್ಯುನಲ್ ಆದೇಶ ಬೇಕು. ಕಟ್ಟಡದ ಉಸ್ತುವಾರಿ ನೋಡುವ ಮ್ಯಾನೇಜಿಂಗ್ ಏಜೆಂಟ್ ಒಂದು ಸುತ್ತೋಲೆ ಕಳಿಸಿದರೆ ಲೀಸ್ ಬದಲಾಗುವುದಿಲ್ಲ.

ಕೇಸು ದುರ್ಬಲವಾಗುವ ಸಂದರ್ಭಗಳೂ ಇವೆ. ಅತಿಥಿಗಳ ಜಾಗದಲ್ಲೋ ಪಕ್ಕದ ಮನೆಯವರ ಜಾಗದಲ್ಲೋ ನಿಲ್ಲಿಸಿದ್ದರೆ, ಲೀಸಿನಲ್ಲಿ ಪಾರ್ಕಿಂಗ್ ಮಾತೇ ಇಲ್ಲದಿದ್ದರೆ, ಅಥವಾ ‘ಪರ್ಮಿಟ್ ತೋರಿಸಲೇಬೇಕು’ ಎಂದು ನಿಮ್ಮ ಬಾಡಿಗೆ ಕರಾರೇ ಹೇಳುತ್ತಿದ್ದರೆ ಮೇಲಿನ ವಾದದ ಮೇಲೆ ಪೂರ್ತಿ ಭಾರ ಹಾಕಬೇಡಿ. ಆಗ ಏಜೆಂಟರ ಮೂಲಕ ರದ್ದು ಮಾಡಿಸುವುದೇ ಮುಖ್ಯ ದಾರಿ.

ಮೊದಲ ವಾರ

ಹೇಗಿದ್ದರೂ ಮೊದಲ ಪತ್ರ ಏಜೆಂಟರಿಗೆ. ಪಾರ್ಕಿಂಗ್ ಕಂಪನಿಯನ್ನು ಕರೆತಂದವರು ಅವರೇ, ಟಿಕೆಟ್ ರದ್ದು ಮಾಡಿಸಲು ಅವರ ಒಂದು ಇಮೇಲ್ ಸಾಕು. ‘ನಮ್ಮ ಕೈಯಲ್ಲಿಲ್ಲ, ಕಂಪನಿಗೇ ಬರೆಯಿರಿ’ ಎಂಬ ಉತ್ತರ ಮಾಮೂಲು. ಒಪ್ಪಿಕೊಳ್ಳಬೇಡಿ. ಲೀಸಿನ ಕಲಮಿನ ಸಂಖ್ಯೆ ಬರೆದು, ಅವರು ನೇಮಿಸಿದ ಗುತ್ತಿಗೆದಾರ ಆ ಕಲಮಿನ ಹಕ್ಕಿಗೆ ಅಡ್ಡಿ ಮಾಡುತ್ತಿದ್ದಾನೆ, 7 ದಿನದಲ್ಲಿ ರದ್ದು ಮಾಡಿಸಿ ಲಿಖಿತವಾಗಿ ತಿಳಿಸಿ ಎಂದು ಕೇಳಿ. ಮನೆ ಮಾಲೀಕರಿಂದಲೂ ಹೀಗೇ ಬರೆಸಿ; ಕಟ್ಟಡ ನಿರ್ವಹಣೆಯ ಸರ್ವಿಸ್ ಚಾರ್ಜ್ ಕಟ್ಟುವವರು ಅವರಾದ್ದರಿಂದ ಅವರ ಮಾತಿಗೆ ಬೆಲೆ ಹೆಚ್ಚು.

ಜೊತೆಜೊತೆಗೇ ಫೋಟೊ ತೆಗೆದಿಡಿ: ಜಾಗದ ನಂಬರು, ಕಾರು, ಬೋರ್ಡಿನ ಸಣ್ಣ ಅಕ್ಷರ ಓದುವಷ್ಟು ಹತ್ತಿರದಿಂದ, ಗೇಟಿನಿಂದ ಬೋರ್ಡು ಕಾಣುತ್ತದೆಯೇ ಎಂಬುದು, ಕತ್ತಲಾದ ಮೇಲೆ ಇನ್ನೊಮ್ಮೆ. ಪರ್ಮಿಟ್ಟಿನ ಎರಡೂ ಬದಿ.

ಕಂಪನಿಗೆ ಬರೆಯಲು 28 ದಿನ ಇದೆ. ಬರೆಯುವಾಗ ‘ನಾನು ಈ ವಾಹನದ ರಿಜಿಸ್ಟರ್ಡ್ ಕೀಪರ್’ (ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರು) ಎಂದು ಶುರುಮಾಡಿ. ‘ನಾನು ನಿಲ್ಲಿಸಿದೆ’ ಎನ್ನುವ ಬದಲು ‘ವಾಹನ ನಿಂತಿತ್ತು’ ಎನ್ನಿ. ಅವರ ವೆಬ್‌ಸೈಟಿನಲ್ಲಿ ‘ನೀವೇ ಚಾಲಕರೇ?’ ಎಂಬ ಆಯ್ಕೆ ಬಂದರೆ ಕೀಪರ್ ಎಂಬುದನ್ನೇ ಒತ್ತಿ. ಇದು ಸುಳ್ಳಲ್ಲ. ಖಾಸಗಿ ಕಂಪನಿಗೆ ಚಾಲಕರ ಹೆಸರು ಹೇಳಬೇಕೆಂಬ ಕಾನೂನು ಇಲ್ಲ. ಹೇಳದಿದ್ದಾಗ ಕೀಪರನಿಂದ ಹಣ ಕೇಳಬೇಕಾದರೆ ಕಂಪನಿ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ 4ನೇ ಶೆಡ್ಯೂಲನ್ನು ಚಾಚೂ ತಪ್ಪದೆ ಪಾಲಿಸಬೇಕು, ಹಲವು ಕಂಪನಿಗಳು ಎಡವುವುದು ಇಲ್ಲೇ. ಜೂನ್ 1ರಂದು ಗಾಜಿನ ಮೇಲೆ ಟಿಕೆಟ್ ಇಟ್ಟಿದ್ದರೆ, ಕೀಪರಿಗೆ ಅಂಚೆಯ ನೋಟಿಸ್ ಜೂನ್ 30ರಿಂದ ಜುಲೈ 27ರೊಳಗೆ ತಲುಪಬೇಕು. ಗಾಜಿನ ಮೇಲೆ ಏನೂ ಇಡದೆ ಕ್ಯಾಮೆರಾ ಚಿತ್ರದಿಂದ ಕಳಿಸುವುದಾದರೆ ಜೂನ್ 15ರೊಳಗೆ. ಲಕೋಟೆಯ ಮೇಲೆ ಬಂದ ದಿನಾಂಕ ಬರೆದಿಡಿ. (ಈ ಕೀಪರ್ ಹೊಣೆ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಗ್ಲಾಸ್ಗೋ, ಎಡಿನ್‌ಬರಾದಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ.)

ಪತ್ರ ಒಂದು ಪುಟ ಮೀರಬೇಕಿಲ್ಲ. ಜಾಗದ ಹಕ್ಕು ಯಾವ ಕಲಮಿನಿಂದ ಬಂದಿದೆ, ಬೋರ್ಡಿನಿಂದ ಹೊಸ ಕರಾರು ಯಾಕೆ ಹುಟ್ಟಿಲ್ಲ, ಈ ನೆಲದಲ್ಲಿ ಟಿಕೆಟ್ ಕೊಡಲು ಒಡೆಯರು ಕೊಟ್ಟ ಲಿಖಿತ ಅಧಿಕಾರಪತ್ರ ತೋರಿಸಿ, ರದ್ದು ಮಾಡಿ, ಇಲ್ಲವೇ ಸ್ವತಂತ್ರ ಮೇಲ್ಮನವಿಯ ವಿವರ ಕಳಿಸಿ. ಅಷ್ಟೇ. ಕರಾರಿನ ಪ್ರತಿ ಲಗತ್ತಿಸುವಾಗ ಬಾಡಿಗೆ ಮೊತ್ತ, ಸಹಿ, ಬ್ಯಾಂಕ್ ವಿವರ ಕಪ್ಪು ಬಳಿದು ಮುಚ್ಚಿ.

ಬಹುತೇಕ ತಿರಸ್ಕಾರವೇ ಬರುತ್ತದೆ. ಎದೆಗುಂದಬೇಡಿ. ಕಂಪನಿ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಸದಸ್ಯನಾಗಿದ್ದರೆ ತಿರಸ್ಕಾರ ಪತ್ರದಲ್ಲಿ ಪಾಪ್ಲಾ ಎಂಬ ಸ್ವತಂತ್ರ ಮೇಲ್ಮನವಿ ಸೇವೆಯ 10 ಅಂಕಿಯ ಕೋಡ್ ಇರುತ್ತದೆ. 28 ದಿನದೊಳಗೆ ಉಚಿತವಾಗಿ ಮೇಲ್ಮನವಿ ಹಾಕಬಹುದು, ಆದರೆ 60 ಪೌಂಡಿನ ರಿಯಾಯಿತಿ ಹೋಗುತ್ತದೆ. ಅಲ್ಲಿ ಗೆದ್ದರೆ ಕಂಪನಿ ಒಪ್ಪಲೇಬೇಕು. ಸೋತರೆ ನೀವು ಒಪ್ಪಬೇಕಾಗಿಲ್ಲ. ಇನ್ನೊಂದು ಸಂಘವಾದ ಐಪಿಸಿ (ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ) ಸದಸ್ಯ ಕಂಪನಿಯಾದರೆ ಮೇಲ್ಮನವಿ ಐಎಎಸ್ (ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್) ಎಂಬಲ್ಲಿಗೆ ಹೋಗುತ್ತದೆ. ಪಾಪ್ಲಾ ಕಡೆ ಅಧಿಕಾರಪತ್ರ ಮತ್ತು ನೋಟಿಸಿನ ದಿನಾಂಕದ ತಪ್ಪನ್ನೂ ಬೇರೆ ಬೇರೆ ಅಂಶವಾಗಿ ಸೇರಿಸಿ. ಲೀಸಿನ ಸೂಕ್ಷ್ಮ ಅಲ್ಲಿಯ ಪರಿಶೀಲಕರಿಗೆ ತಲೆಗೆ ಹತ್ತದಿದ್ದರೂ ಕಾಣೆಯಾದ ಕಾಗದ ಕಣ್ಣಿಗೆ ಬೀಳುತ್ತದೆ.

ಕೆಂಪಕ್ಷರದ ಪತ್ರ, ಆಮೇಲೆ ಕೋರ್ಟು

ಆಮೇಲೆ ಸಾಲ ವಸೂಲಿ ಸಂಸ್ಥೆಗಳ ಪತ್ರಗಳು ಶುರು. 100 ಇದ್ದದ್ದು 170 ಆಗಿರುತ್ತದೆ. ಇವರು ಕೋರ್ಟಿನ ಅಮೀನರಲ್ಲ. ಮನೆಗೆ ನುಗ್ಗುವ, ವಸ್ತು ಜಪ್ತಿ ಮಾಡುವ ಅಧಿಕಾರ ಇಲ್ಲ, ಕ್ರೆಡಿಟ್ ಸ್ಕೋರನ್ನೂ ಮುಟ್ಟಲಾರರು. ಆ 70 ಪೌಂಡನ್ನು ಕೀಪರನಿಂದ 4ನೇ ಶೆಡ್ಯೂಲಿನಡಿ ಕೇಳುವಂತೆಯೂ ಇಲ್ಲ, ಅದರ ಮಿತಿ ನೋಟಿಸಿನಲ್ಲಿ ಬರೆದ ಮೊತ್ತ. ಈ ಪತ್ರಗಳಿಗೆ ಉತ್ತರಿಸಬೇಕಾಗಿಲ್ಲ, ಎತ್ತಿಡಿ ಸಾಕು.

ಆದರೆ ‘ಲೆಟರ್ ಬಿಫೋರ್ ಕ್ಲೇಮ್’ (ದಾವೆ ಹೂಡುವ ಮುನ್ನ ಕಳಿಸುವ ಪತ್ರ) ಬಂದರೆ 30 ದಿನದೊಳಗೆ ಉತ್ತರಿಸಿ, ಅದೇ ಒಂದು ಪುಟದ ವಾದ ಸಾಕು. ಅದರ ನಂತರ ನಾರ್ಥಾಂಪ್ಟನ್ನಿನ ಕೋರ್ಟ್ ಕಚೇರಿಯಿಂದ ಕ್ಲೇಮ್ ಫಾರ್ಮ್ ಬಂದರೆ ಅದು ನಿಜವಾದ ಕೋರ್ಟು. ಫಾರ್ಮಿನ ದಿನಾಂಕದಿಂದ 5 ದಿನಕ್ಕೆ ತಲುಪಿದಂತೆ ಲೆಕ್ಕ. ಅಲ್ಲಿಂದ 14 ದಿನದೊಳಗೆ ಫಾರ್ಮ್ ತಲುಪಿದೆ ಎಂಬ ಸ್ವೀಕೃತಿಯನ್ನು ಆನ್‌ಲೈನಿನಲ್ಲಿ ದಾಖಲಿಸಿದರೆ ಪ್ರತಿವಾದಕ್ಕೆ ಒಟ್ಟು 28 ದಿನ ಸಿಗುತ್ತದೆ. ಅಂದರೆ ಫಾರ್ಮಿನ ದಿನಾಂಕದಿಂದ 33 ದಿನ. ಸ್ವೀಕೃತಿಯ ದಿನವೇ ಪ್ರತಿವಾದದ ಪೆಟ್ಟಿಗೆಯಲ್ಲಿ ಆತುರದಿಂದ ಏನನ್ನೂ ಬರೆಯಬೇಡಿ, ಬರೆದದ್ದೇ ನಿಮ್ಮ ಪ್ರತಿವಾದವಾಗಿಬಿಡುತ್ತದೆ. ಮುಂದೆ ಫೋನಿನಲ್ಲಿ ಒಂದು ಗಂಟೆಯ ಉಚಿತ ಮಧ್ಯಸ್ಥಿಕೆ ಇದೆ, 2024ರ ಮೇ ತಿಂಗಳಿಂದ ಅದು ಕಡ್ಡಾಯ. ಭಾಗವಹಿಸಬೇಕು, ಆದರೆ ‘ಅರ್ಧ ಕೊಡಿ’ ಎಂದರೆ ಒಪ್ಪಲೇಬೇಕೆಂದೇನಿಲ್ಲ. ನಿಮ್ಮ ಊರಿನ ಕೋರ್ಟಿನಲ್ಲಿ ವಿಚಾರಣೆ ನಡೆದು ಸೋತರೂ ಸ್ಮಾಲ್ ಕ್ಲೇಮ್ಸ್‌ನಲ್ಲಿ (ಸಣ್ಣ ಮೊತ್ತದ ದಾವೆಗಳಲ್ಲಿ) ಮೊತ್ತ ಸಾಮಾನ್ಯವಾಗಿ 300 ಪೌಂಡಿನ ಆಸುಪಾಸು. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಕೋರ್ಟ್ ಜಡ್ಜ್‌ಮೆಂಟ್ ದಾಖಲೆ ಅಳಿಸಿಹೋಗುತ್ತದೆ. ಕಟ್ಟದಿದ್ದರೆ 6 ವರ್ಷ ಉಳಿದು ಮನೆ ಸಾಲದ ಅರ್ಜಿಗೆ ಅಡ್ಡ ನಿಲ್ಲುತ್ತದೆ.

ನಿಜವಾದ ಹಾನಿ ಆಗುವುದು ವಿಚಾರಣೆಯಲ್ಲಿ ಸೋತವರಿಗಿಂತ ಹೆಚ್ಚಾಗಿ ಕಾಗದವೇ ನೋಡದವರಿಗೆ. ಕಂಪನಿಗೆ ನಿಮ್ಮ ವಿಳಾಸ ಸಿಗುವುದು ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಯಿಂದ, ಒಂದು ಹೆಸರಿಗೆ 2.50 ಪೌಂಡ್ ಕೊಟ್ಟು. ವರ್ಷಕ್ಕೊಮ್ಮೆ ಮನೆ ಬದಲಿಸುವ ನಮ್ಮ ಜನ ಲೈಸೆನ್ಸಿನಲ್ಲಿ ವಿಳಾಸ ತಿದ್ದಿಸಿ, ಕಾರಿನ ನೋಂದಣಿ ಪತ್ರವಾದ ವಿ5ಸಿಯಲ್ಲಿ ತಿದ್ದಿಸುವುದನ್ನು ಮರೆಯುತ್ತಾರೆ. ಎರಡೂ ಬೇರೆ ಬೇರೆ ತಿದ್ದುಪಡಿ, ಎರಡೂ ಉಚಿತ. ಹಳೆ ಮನೆಗೆ ಹೋದ ಫಾರ್ಮಿಗೆ ಉತ್ತರ ಬರದಿದ್ದರೆ ತೀರ್ಪು ತಾನಾಗಿಯೇ ಕಂಪನಿಯ ಪಾಲಾಗುತ್ತದೆ. ಅದನ್ನು ರದ್ದು ಮಾಡಿಸುವ ಅರ್ಜಿಗೇ 300 ಪೌಂಡ್‌ಗೂ ಮೇಲೆ ಶುಲ್ಕ. ಟಿಕೆಟ್ ವಿವಾದ ನಡೆಯುತ್ತಿರುವಾಗ ಮನೆ ಬದಲಿಸಿದರೆ ಕಂಪನಿಗೂ ಹೊಸ ವಿಳಾಸ ಬರೆದು ತಿಳಿಸಿ, ಹಳೆಯದನ್ನು ಅಳಿಸಲು ಹೇಳಿ. ಆರು ವಾರ ರಜೆ ಹಾಕಿ ಬೆಂಗಳೂರಿಗೋ ಮಂಗಳೂರಿಗೋ ಹೊರಟಿದ್ದರೆ, 33 ದಿನ ಅದಕ್ಕಿಂತ ಚಿಕ್ಕದು. ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಕೀಲಿ ಕೊಟ್ಟು, ಬಂದ ಲಕೋಟೆಗಳನ್ನು ವಾರಕ್ಕೊಮ್ಮೆ ಒಡೆದು ಫೋಟೊ ಕಳಿಸಲು ಹೇಳಿ ಹೊರಡಿ.