ಗಾಜಿನ ಊರಿನ ಕಲಾಸಂಗ್ರಹ: ಟೊಲೀಡೊ ಮ್ಯೂಸಿಯಂ ಕುರಿತ ಅಧ್ಯಯನ ಟಿಪ್ಪಣಿ

ಅಮೆರಿಕದ ಕಲಾ ವಸ್ತುಸಂಗ್ರಹಾಲಯಗಳನ್ನು ಓದಲು ಹೊರಟವರು ಸಾಮಾನ್ಯವಾಗಿ ನ್ಯೂಯಾರ್ಕ್, ಬಾಸ್ಟನ್, ಶಿಕಾಗೊಗಳಲ್ಲೇ ನಿಂತುಬಿಡುತ್ತಾರೆ. ಒಂದು ಊರಿನ ಕಸುಬು ಆ ಊರಿನ ಕಲಾಸಂಗ್ರಹಕ್ಕೆ ಹೇಗೆ ರೂಪ ಕೊಡುತ್ತದೆ ಎಂಬುದನ್ನು ಅರಿಯಬೇಕಾದರೆ, ಈರಿ ಸರೋವರದ ಪಶ್ಚಿಮ ತುದಿಯಲ್ಲಿರುವ ಓಹಾಯೊ ರಾಜ್ಯದ ಟೊಲೀಡೊ ನಗರಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ. ಅಲ್ಲಿನ ಮ್ಯೂಸಿಯಂನ ಇತಿಹಾಸವನ್ನು ಕುಲುಮೆಯಿಂದಲೇ ಆರಂಭಿಸಬೇಕು.

ಗಾಜಿನ ಕುಲುಮೆ ಹಗಲಿರುಳು ಉರಿಯುತ್ತಿರಬೇಕಾದ್ದರಿಂದ ಇಂಧನದ ಬೆಲೆಯೇ ಆ ಉದ್ಯಮದ ಹಣೆಬರಹವನ್ನು ತೀರ್ಮಾನಿಸುತ್ತದೆ. ಮ್ಯಾಸಚೂಸೆಟ್ಸ್‌ನ ಈಸ್ಟ್ ಕೇಂಬ್ರಿಜ್‌ನಲ್ಲಿ ಗಾಜಿನ ಕಾರ್ಖಾನೆ ನಡೆಸುತ್ತಿದ್ದ ಎಡ್ವರ್ಡ್ ಡ್ರಮಂಡ್ ಲಿಬ್ಬಿ ಅವರು ಇಂಧನದ ಖರ್ಚು ಮತ್ತು ಕಾರ್ಮಿಕರೊಡನೆ ಉಂಟಾದ ವಿವಾದಗಳಿಂದ ಬೇಸತ್ತು, ಆಗಷ್ಟೇ ನೈಸರ್ಗಿಕ ಅನಿಲ ದೊರೆತಿದ್ದ ವಾಯವ್ಯ ಓಹಾಯೊಗೆ 1888ರಲ್ಲಿ ಕಾರ್ಖಾನೆಯನ್ನು ಸ್ಥಳಾಂತರಿಸಿದರು. 1893ರ ಶಿಕಾಗೊ ವಿಶ್ವಮೇಳದಲ್ಲಿ ಜನರ ಕಣ್ಣೆದುರೇ ಕುಲುಮೆ ಹೂಡಿ ಗಾಜು ತಯಾರಿಸಿ ತೋರಿಸಿದ್ದು ಅವರಿಗೆ ಹೆಸರು ತಂದಿತು. ಅವರ ಸಹೋದ್ಯೋಗಿ ಮೈಕೆಲ್ ಓವೆನ್ಸ್ ರೂಪಿಸಿದ ಸ್ವಯಂಚಾಲಿತ ಸೀಸೆ ಯಂತ್ರ ಅಪಾರ ಹಣ ತಂದಿತು. 1901ರಲ್ಲಿ ಲಿಬ್ಬಿಯವರ ನೇತೃತ್ವದಲ್ಲಿ ಮ್ಯೂಸಿಯಂ ಸ್ಥಾಪನೆಯಾದಾಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಗ್ರೀಕ್ ದೇವಾಲಯದಂತೆ ಸಾಲುಗಂಬಗಳನ್ನು ಹೊತ್ತ ಈಗಿನ ಕಟ್ಟಡ, ಅವರ ಪತ್ನಿ ಫ್ಲಾರೆನ್ಸ್ ಸ್ಕಾಟ್ ಲಿಬ್ಬಿ ನೀಡಿದ ಜಾಗದಲ್ಲಿ ಎದ್ದು 1912ರಲ್ಲಿ ತೆರೆಯಿತು.

ಲಿಬ್ಬಿ 1925ರಲ್ಲಿ ತೀರಿಕೊಂಡರು. ಅವರ ಉಯಿಲಿನಿಂದ ಬಂದ ದತ್ತಿನಿಧಿಯನ್ನು ಕಲಿಯುವವರು ವಿಶೇಷವಾಗಿ ಗಮನಿಸಬೇಕು. ಇಂದಿಗೂ ಅಲ್ಲಿನ ಅನೇಕ ಚಿತ್ರಗಳ ಪಕ್ಕದ ಫಲಕದಲ್ಲಿ ‘ಎಡ್ವರ್ಡ್ ಡ್ರಮಂಡ್ ಲಿಬ್ಬಿಯವರ ಕೊಡುಗೆಯಾದ ದತ್ತಿನಿಧಿಯಿಂದ ಕೊಂಡದ್ದು’ ಎಂಬ ಅರ್ಥದ ಸಾಲು ಕಾಣುತ್ತದೆ. ದಾನಿಯೊಬ್ಬ ತನ್ನ ಮನೆಯ ಗೋಡೆಯ ಚಿತ್ರಗಳನ್ನು ಕೊಟ್ಟರೆ ಸಂಗ್ರಹ ಅವನ ಅಭಿರುಚಿಯಲ್ಲೇ ಉಳಿಯುತ್ತದೆ. ಹಣವನ್ನು ಕೊಟ್ಟರೆ ಮುಂದಿನ ತಲೆಮಾರಿನ ತಜ್ಞರು ತಮ್ಮ ವಿವೇಚನೆಯಂತೆ ಕೊಳ್ಳಬಹುದು. ವ್ಯಾನ್ ಗೋ ತನ್ನ ಕೊನೆಯ ವರ್ಷವಾದ 1890ರಲ್ಲಿ ರಚಿಸಿದ ಎರಡು ಚಿತ್ರಗಳು, ರೆಂಬ್ರಾಂಟ್, ರೂಬೆನ್ಸ್, ಎಲ್ ಗ್ರೆಕೊ ಮುಂತಾದವರ ಕೃತಿಗಳು ಈ ಮಧ್ಯಮ ಗಾತ್ರದ ಕೈಗಾರಿಕಾ ನಗರದಲ್ಲಿರುವುದರ ಗುಟ್ಟು ಬಹುಮಟ್ಟಿಗೆ ಇದೇ.

ಚಿತ್ರಗಳ ಪೈಕಿ ಒಂದನ್ನಾದರೂ ಹತ್ತಿರದಿಂದ ನೋಡೋಣ. ಥಾಮಸ್ ಕೋಲ್ 1840ರಲ್ಲಿ ರಚಿಸಿದ ‘ವಾಸ್ತುಶಿಲ್ಪಿಯ ಕನಸು’ ಎಂಬ ಚಿತ್ರದಲ್ಲಿ ಬೃಹತ್ ಕಂಬವೊಂದರ ತುದಿಯ ಮೇಲೆ, ದಪ್ಪ ಪುಸ್ತಕಗಳ ನಡುವೆ, ಪುಟ್ಟ ಆಕೃತಿಯೊಂದು ಒರಗಿ ಕುಳಿತಿದೆ. ಅವನೆದುರು ಬಿಸಿಲಿನಲ್ಲಿ ಗ್ರೀಕ್ ಮತ್ತು ರೋಮನ್ ಕಟ್ಟಡಗಳು ಹರಡಿವೆ. ಅವುಗಳ ಹಿಂದೆ ಮಂಜಿನಂತೆ ಪಿರಮಿಡ್ಡು ಎದ್ದಿದೆ. ಎಡಗಡೆ ಮರಗಳ ಕತ್ತಲಲ್ಲಿ ಮಧ್ಯಯುಗದ ಯುರೋಪಿನ ಗಾಥಿಕ್ ಶೈಲಿಯ ಚರ್ಚು ಮಾತ್ರ ನೆರಳಾಗಿ ನಿಂತಿದೆ. ಚಿತ್ರ ಬರೆಸಿದ ವಾಸ್ತುಶಿಲ್ಪಿ ಇಥಿಯಲ್ ಟೌನ್‌ಗೆ ಇದು ಹಿಡಿಸಲಿಲ್ಲ.

ಆದರೂ ಈ ಮ್ಯೂಸಿಯಂನ ಜೀವಾಳವಿರುವುದು ಗಾಜಿನಲ್ಲಿ. ಊದುವ ವಿಧಾನ ಬಳಕೆಗೆ ಬರುವ ಮುನ್ನ, ಮಣ್ಣು ಮತ್ತಿತರ ವಸ್ತು ಮೆತ್ತಿದ ತಿರುಳಿನ ಸುತ್ತ ಕರಗಿದ ಗಾಜಿನ ಎಳೆ ಸುತ್ತಿ, ಆರಿದ ಮೇಲೆ ತಿರುಳನ್ನು ಕೆರೆದು ತೆಗೆದು ಮಾಡುತ್ತಿದ್ದ ಪುಟ್ಟ ಸುಗಂಧದ ಕುಡಿಕೆಗಳಿಂದ ಹಿಡಿದು, 1904ರ ಸೇಂಟ್ ಲೂಯಿಸ್ ಮೇಳಕ್ಕೆಂದು ಲಿಬ್ಬಿ ಕಾರ್ಖಾನೆಯವರು ಕೆತ್ತಿದ ಸುಮಾರು 60 ಕಿಲೊ ತೂಕದ ಪಾನೀಯದ ಬೋಗುಣಿಯವರೆಗೆ, ಗಾಜಿನ ಚರಿತ್ರೆಯನ್ನು ಇಲ್ಲಿ ಒಂದೇ ಎಡೆಯಲ್ಲಿ ಓದಬಹುದು.

ನನ್ನ ದೃಷ್ಟಿಯಲ್ಲಿ ಈ ಸಂಸ್ಥೆಯ ಅತಿ ಮುಖ್ಯ ಘಟನೆ ನಡೆದದ್ದು ಮಾತ್ರ ಯಾವ ಭವ್ಯ ಸಭಾಂಗಣದಲ್ಲೂ ಅಲ್ಲ, ಮ್ಯೂಸಿಯಂ ಆವರಣದ ಒಂದು ಗ್ಯಾರೇಜಿನಲ್ಲಿ. ಅಲ್ಲಿಯವರೆಗೆ ಗಾಜು ಊದುವುದೆಂದರೆ ಕಾರ್ಖಾನೆಯ ತಂಡದ ಕೆಲಸವಾಗಿತ್ತು. ವಿನ್ಯಾಸ ಬರೆಯುವವನೊಬ್ಬ, ಊದುವವನು ಮತ್ತೊಬ್ಬ. ಕಲಾವಿದನೊಬ್ಬನೇ ತನ್ನ ಕೆಲಸದ ಕೋಣೆಯಲ್ಲಿ ಗಾಜು ಕರಗಿಸಿ ಊದಬಹುದೇ ಎಂಬ ಪ್ರಶ್ನೆ ಹಿಡಿದು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕುಂಭಕಲೆ ಕಲಿಸುತ್ತಿದ್ದ ಹಾರ್ವಿ ಲಿಟಲ್‌ಟನ್ 1962ರ ಮಾರ್ಚ್‌ನಲ್ಲಿ ಅಲ್ಲಿ ಕಾರ್ಯಾಗಾರ ನಡೆಸಿದರು. ಮೊದಲ ಪ್ರಯತ್ನದ ಗಾಜು ಕೈಕೊಟ್ಟಿತು. ಆಗ ಗಾಜಿನ ನಾರಿನ ಉದ್ಯಮದಲ್ಲಿ ಸಂಶೋಧಕರಾಗಿದ್ದ ಡಾಮಿನಿಕ್ ಲಬೀನೊ ಅವರು ತಮ್ಮ ಉದ್ಯಮದಲ್ಲಿ ಬಳಸುತ್ತಿದ್ದ ಗಾಜಿನ ಗೋಲಿಗಳನ್ನು ಕರಗಿಸಲು ಸೂಚಿಸಿದರು. ಗೋಲಿಗಳು ಹದವಾಗಿ ಕರಗಿದವು. ಲಿಬ್ಬಿ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಊದುಗಾರ ಹಾರ್ವಿ ಲೀಫ್‌ಗ್ರೀನ್ ಕೊಳವೆ ಹಿಡಿದು ಊದುವ ಬಗೆಯನ್ನು ತೋರಿಸಿಕೊಟ್ಟರು. ಅದೇ ಜೂನ್‌ನಲ್ಲಿ ಎರಡನೆಯ ಕಾರ್ಯಾಗಾರವೂ ನಡೆಯಿತು. ಅಮೆರಿಕದ ಸ್ಟುಡಿಯೊ ಗಾಜಿನ ಚಳವಳಿ ಇಲ್ಲಿಂದ ಹೊರಟಿತು. ಒಬ್ಬ ಕುಂಬಾರ, ಒಬ್ಬ ವಿಜ್ಞಾನಿ, ಒಬ್ಬ ನಿವೃತ್ತ ಕುಶಲಕರ್ಮಿ ಒಂದೇ ಕುಲುಮೆಯ ಮುಂದೆ ಸೇರುವುದು ಗಾಜಿನ ಊರಿನಲ್ಲಲ್ಲದೆ ಬೇರೆಡೆ ಸುಲಭವಿರಲಿಲ್ಲ.

2006ರಲ್ಲಿ ಗಾಜಿನ ಸಂಗ್ರಹಕ್ಕೆಂದೇ ಪ್ರತ್ಯೇಕ ಭವನ ತೆರೆಯಿತು. ಜಪಾನಿನ ಕಜುಯೊ ಸೆಜಿಮಾ ಮತ್ತು ರ್ಯೂಎ ನಿಶಿಜಾವಾ ಅವರ ಸಾನಾ ಸಂಸ್ಥೆ ರೂಪಿಸಿದ ಈ ಒಂದಂತಸ್ತಿನ ಕಟ್ಟಡದಲ್ಲಿ ಹೊರಗೋಡೆಗಳೂ ಬಹುಪಾಲು ಒಳಗೋಡೆಗಳೂ ಮೂಲೆಗಳಲ್ಲಿ ಬಾಗಿದ ಗಾಜೇ ಆಗಿವೆ. ಕೋಣೆಗೂ ಕೋಣೆಗೂ ನಡುವೆ ಗಾಳಿಯ ತೆರಪು ಬಿಟ್ಟಿರುವುದರಿಂದ, ಒಂದೆಡೆ ಉರಿಯುವ ಕುಲುಮೆ, ಇನ್ನೊಂದೆಡೆ ಸಮಶೀತೋಷ್ಣ ಬೇಕಾದ ಪ್ರದರ್ಶನ ಕೋಣೆ ಒಂದೇ ಸೂರಿನಡಿ ಇರಲು ಸಾಧ್ಯವಾಗಿದೆ.

ಸಂಗ್ರಹದಿಂದ ಹೊರಗೆ ಹೋದ ವಸ್ತುಗಳನ್ನೂ ನಾವು ಓದಬೇಕು. ಡಯೋನಿಸಸ್ ದೇವತೆಯ ಶಾಪದಿಂದ ಕಡಲ್ಗಳ್ಳರು ಡಾಲ್ಫಿನ್‌ಗಳಾಗುವ ದೃಶ್ಯವಿರುವ, ಪ್ರಾಚೀನ ಇಟಲಿಯ ಎಟ್ರುಸ್ಕನ್ ಜನರ ನೀರಿನ ಕೊಡವೊಂದನ್ನು ಮ್ಯೂಸಿಯಂ 1982ರಲ್ಲಿ ಕೊಂಡಿತ್ತು. ಅದರ ಹಿಂದಿನ ಒಡೆತನದ ದಾಖಲೆಗಳು ಸುಳ್ಳೆಂದು ತಿಳಿದ ಮೇಲೆ ಅದು ಇಟಲಿಗೆ ಮರಳಿತು. ಹಾಗೆಯೇ 2006ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬರಿಂದ ಕೊಂಡ ಕಂಚಿನ ಗಣೇಶನ ವಿಗ್ರಹ, ತಮಿಳುನಾಡಿನ ಶ್ರೀಪುರಂತಾನ್ ಗ್ರಾಮದ ದೇವಾಲಯದಿಂದ ಕಳವಾದ ವಿಗ್ರಹವನ್ನೇ ಹೋಲುತ್ತಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ದೇವಾಲಯಗಳಲ್ಲಿ ಹಿಂದೆಯೇ ತೆಗೆದಿಟ್ಟಿದ್ದ ಛಾಯಾಚಿತ್ರಗಳಲ್ಲಿ ಆ ಗಣೇಶನೂ ಇದ್ದುದರಿಂದ ಹೋಲಿಕೆ ಸಾಧ್ಯವಾಯಿತು. 2014ರಲ್ಲಿ ಮ್ಯೂಸಿಯಂ ಆ ವಿಗ್ರಹವನ್ನು ಭಾರತಕ್ಕೆ ಹಿಂದಿರುಗಿಸಲು ತೀರ್ಮಾನಿಸಿತು.