ನಿವೃತ್ತರಿಗೆ ನಿರುದ್ಯೋಗ ಭತ್ಯೆ ಏಕಿಲ್ಲ?

ಇಪ್ಪತ್ತು ವರ್ಷ ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಕಟ್ಟಿದವರಿಗೂ ನಿವೃತ್ತಿಯಾದ ಮೇಲೆ ಇಎಸ್‌ಐ ನಿರುದ್ಯೋಗ ಭತ್ಯೆ ಸಿಗುವುದಿಲ್ಲ. ಸ್ವಯಂ ನಿವೃತ್ತಿ ಪಡೆದವರಿಗೂ ಅಷ್ಟೇ. ಇದರ ಬೇರು ಹುಡುಕಿದರೆ ಸಿಗುವುದು ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿಸಿದ ‘ರಿಟ್ರೆಂಚ್‌ಮೆಂಟ್’ ವ್ಯಾಖ್ಯೆಯಲ್ಲಿ. ಶಿಸ್ತುಕ್ರಮದ ಶಿಕ್ಷೆ ಬಿಟ್ಟು ಬೇರಾವ ಕಾರಣಕ್ಕೆ ಮಾಲೀಕರು ಕೆಲಸದಿಂದ ತೆಗೆದರೂ ಅದು ರಿಟ್ರೆಂಚ್‌ಮೆಂಟ್. ಆದರೆ ಸ್ವಯಂ ನಿವೃತ್ತಿಯನ್ನೂ ವಯೋನಿವೃತ್ತಿಯನ್ನೂ ಕಾಯ್ದೆ ಆಗಲೇ ಹೊರಗಿಟ್ಟಿತ್ತು. 1984ರಲ್ಲಿ, ಗುತ್ತಿಗೆ ನವೀಕರಣವಾಗದೆ ಕೆಲಸ ಹೋದವರೂ ಹೊರಬಿದ್ದರು.

ಇಎಸ್‌ಐ ಕಾಯ್ದೆ 1948ರದ್ದು. ಕಾಯಿಲೆ, ಹೆರಿಗೆ, ಅಪಘಾತಗಳಿಗೆ ಅದರಲ್ಲಿ ಜಾಗವಿತ್ತು, ನಿರುದ್ಯೋಗಕ್ಕೆ ಇರಲಿಲ್ಲ. 2005ರ ಏಪ್ರಿಲ್ 1ರಂದು ಬಂದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಆ ಬಾಗಿಲು ತೆರೆಯಿತು, ಅರ್ಧ ಮಾತ್ರ. ಕಾರ್ಖಾನೆ ಮುಚ್ಚಬೇಕು, ಇಲ್ಲವೇ ರಿಟ್ರೆಂಚ್‌ಮೆಂಟ್ ಆಗಬೇಕು, ಅದೂ ಇಲ್ಲವೆಂದರೆ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ 40ರಷ್ಟಾದರೂ ಶಾಶ್ವತ ಅಂಗವೈಕಲ್ಯ ಬರಬೇಕು.

2018ರ ಜುಲೈ 1ರಿಂದ ಇಎಸ್‌ಐಯ ಇನ್ನೊಂದು ನಿರುದ್ಯೋಗ ಭತ್ಯೆ ಬಂತು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಇದಕ್ಕೆ ರಿಟ್ರೆಂಚ್‌ಮೆಂಟೇ ಆಗಬೇಕೆಂದಿಲ್ಲ. ಆದರೂ ದುರ್ನಡತೆಯ ಶಿಕ್ಷೆ, ವಯೋನಿವೃತ್ತಿ, ಸ್ವಯಂ ನಿವೃತ್ತಿ ಮೂರಕ್ಕೂ ಅಡ್ಡಿ ಹಾಗೇ ಉಳಿಯಿತು. ಮೊದಲು ದಿನದ ಸರಾಸರಿ ಗಳಿಕೆಯ ಶೇ 25 ಕೊಡುತ್ತಿದ್ದರು, ಅರ್ಜಿಗೆ ಮೂರು ತಿಂಗಳು ಕಾಯಬೇಕಿತ್ತು. ಕೋವಿಡ್ ಬಂದ ಮೇಲೆ, 2020ರಲ್ಲಿ, ಅದು ಶೇ 50ಕ್ಕೂ 30 ದಿನಕ್ಕೂ ಬಂತು. ಅರ್ಜಿಯನ್ನು ಮಾಲೀಕರ ಮೂಲಕ ಕಳಿಸುವುದೂ ತಪ್ಪಿತು. ಈ ಸಡಿಲಿಕೆಗಳು ಅವಧಿ ಮುಗಿದಂತೆಲ್ಲ ವಿಸ್ತರಣೆಯಾಗುತ್ತ ಬಂದಿವೆ; ಅರ್ಜಿ ಹಾಕುವ ಮುನ್ನ ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಲೆಕ್ಕ ಹೀಗೆ. ನಾಲ್ಕು ವಂತಿಗೆ ಅವಧಿಗಳ (ಒಂದೊಂದೂ ಆರು ತಿಂಗಳು) ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ತಿಂಗಳಿಗೆ 15,000 ರೂಪಾಯಿಯಂತೆ ಎರಡು ವರ್ಷ ದುಡಿದವರಿಗೆ ದಿನಕ್ಕೆ 493, ಅದರರ್ಧ 246 ಚಿಲ್ಲರೆ. 90 ದಿನಕ್ಕೆ ಸುಮಾರು 22,190 ರೂಪಾಯಿ. ಜೀವಮಾನದಲ್ಲಿ ಸಿಗುವುದು ಈ 90 ದಿನವಷ್ಟೇ. ನಡುವೆ ಸಂಬಳವಿಲ್ಲದ ತಿಂಗಳುಗಳಿದ್ದರೂ ಭಾಜಕ 730ರಿಂದ ಇಳಿಯದು, ಹಾಗಾಗಿ ಕೈಗೆ ಬರುವುದೂ ಕಡಿಮೆಯಾಗುತ್ತದೆ. ಸಡಿಲಿಸಿದ ನಿಯಮದಂತೆ ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಮಾಲೀಕರು ತುಂಬುವ ಮಾಸಿಕ ವಂತಿಗೆಯ ಎಕ್ಸೆಲ್ ಹಾಳೆಯಲ್ಲಿ. ವಂತಿಗೆ ನಿಂತದ್ದೇಕೆ ಎಂಬುದಕ್ಕೆ ಅಲ್ಲಿ ಒಂದು ಅಂಕಿ ಹಾಕಬೇಕು: 2 ಅಂದರೆ ಕೆಲಸ ಬಿಟ್ಟರು, 3 ಅಂದರೆ ನಿವೃತ್ತಿ, 10 ಅಂದರೆ ರಿಟ್ರೆಂಚ್‌ಮೆಂಟ್. ಮನೆಗೆ ಕಳಿಸಿದವರ ಹೆಸರಿನ ಮುಂದೆ ಅವಸರದಲ್ಲಿ 3 ಒತ್ತಿಬಿಟ್ಟರೆ ದಾಖಲೆಯಲ್ಲಿ ಅವರು ನಿವೃತ್ತರೇ. ಆದ್ದರಿಂದ ಕಾರಣ ನಮೂದಿಸಿದ ಬಿಡುಗಡೆ ಪತ್ರ ಕೈಯಲ್ಲಿರಲಿ. ಆಧಾರ್‌ನಲ್ಲಿರುವ ಹೆಸರಿಗೂ ವಿಮಾ ದಾಖಲೆಯ ಹೆಸರಿಗೂ ವ್ಯತ್ಯಾಸವಿದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

ನಿವೃತ್ತರ ಪಾಲಿಗೆ ಇಎಸ್‌ಐಯಲ್ಲಿ ಏನೂ ಇಲ್ಲವೆಂದಲ್ಲ. ಕನಿಷ್ಠ ಐದು ವರ್ಷ ವಿಮೆಗೊಳಪಟ್ಟು ದುಡಿದು ನಿವೃತ್ತರಾದವರು, ಸ್ವಯಂ ನಿವೃತ್ತಿ ಪಡೆದವರೂ ಸೇರಿ, ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಸಂಗಾತಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ.